ದೂರ ಶಿಕ್ಷಣ: ಮಾನ್ಯತೆ ಇರುವುದು ವಿವಿಯ ಹೆಸರಿಗಲ್ಲ, ಕೋರ್ಸಿಗೆ

ಮನಶ್ಶಾಸ್ತ್ರ, ಆಹಾರ ಮತ್ತು ಪೌಷ್ಟಿಕತೆ, ಮೈಕ್ರೊಬಯಾಲಜಿ, ಬಯೊಟೆಕ್ನಾಲಜಿಯಂಥ ವಿಷಯಗಳಿಗೆ ದೂರ ಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಇನ್ನು ಪ್ರವೇಶ ಕೊಡುವಂತಿಲ್ಲ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಬಾಯಿಂದ ಬಾಯಿಗೆ ಹೋಗುತ್ತ ಸುದ್ದಿಯ ರೂಪ ಬದಲಾಯಿತು. ‘ದೂರ ಶಿಕ್ಷಣವೇ ಬಂದ್ ಆಯ್ತಂತೆ’ ಎಂದು ಕೆಲವರು, ‘ಎಕ್ಸ್‌ಟರ್ನಲ್ ಡಿಗ್ರಿಗೆ ಇನ್ನು ಬೆಲೆ ಇಲ್ಲವಂತೆ’ ಎಂದು ಇನ್ನು ಕೆಲವರು. ಹುಬ್ಬಳ್ಳಿಯ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಗದಗದ ಪ್ರೆಸ್ಸಿನಲ್ಲಿ ದುಡಿಯುವವರು, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಗುಮಾಸ್ತರು, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳು ಮತ್ತೆ ಪುಸ್ತಕ ಹಿಡಿಯಬೇಕೆಂದು ಮನಸ್ಸು ಮಾಡುವ ಹೊತ್ತಿಗೆ ಇಂಥ ಅರೆಬರೆ ಸುದ್ದಿ ಅವರನ್ನು ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಏನು ನಿಂತಿದೆ, ಏನು ಉಳಿದಿದೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ನಿಂತಿದ್ದು ಯಾವುದು

ಯುಜಿಸಿಯ ಈ ನಿರ್ಧಾರಕ್ಕೆ ಮೂಲ 2021ರ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ. ಆ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳಲ್ಲಿ 2025ರ ಜುಲೈ-ಆಗಸ್ಟ್ ಅವಧಿಯಿಂದ ದೂರ ಶಿಕ್ಷಣ ಮತ್ತು ಆನ್‌ಲೈನ್ ಪ್ರವೇಶ ನಿಂತಿದೆ. ಇಲ್ಲಿ ಎರಡು ಮಾತು ಮುಖ್ಯ. ಒಂದು, ಆದೇಶ ಹೊಸ ಪ್ರವೇಶದ ಮೇಲಿನದು. ಎರಡು, ಹಲವು ವಿಷಯಗಳಿರುವ ಬಿಎಯಂಥ ಕೋರ್ಸು ಇಡಿಯಾಗಿ ಹೋಗುವುದಿಲ್ಲ. ಅದರೊಳಗಿನ ಮನಶ್ಶಾಸ್ತ್ರ ಮಾತ್ರ ಹೋಗುತ್ತದೆ, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಹಾಗೇ ಉಳಿಯುತ್ತವೆ.

ದೂರ ಶಿಕ್ಷಣದಲ್ಲಿ ನಿಷೇಧ ಎಂಬುದು ಹೊಸದೂ ಅಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ದಂತ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಆರ್ಕಿಟೆಕ್ಚರ್, ಕಾನೂನು, ಕೃಷಿ ಪದವಿಗಳನ್ನು ದೂರ ಶಿಕ್ಷಣದಲ್ಲಿ ಕೊಡುವಂತಿಲ್ಲವೆಂಬ ನಿಯಮ ಇದಕ್ಕೂ ಮೊದಲೇ ಇದೆ. ಪಿಎಚ್‌ಡಿಗೂ ಅದೇ ಮಾತು. ಈಗ ಆಗಿರುವುದು ಆ ಪಟ್ಟಿಯ ವಿಸ್ತರಣೆ.

ಡಿಗ್ರಿಯ ಬೆಲೆಯ ಬಗ್ಗೆ ಹಬ್ಬಿದ ಮಾತು ಪೂರ್ತಿ ತಪ್ಪು. ಯುಜಿಸಿಯ 2020ರ ದೂರ ಶಿಕ್ಷಣ ಮತ್ತು ಆನ್‌ಲೈನ್ ನಿಯಮಾವಳಿಯ 22ನೇ ನಿಯಮ, ಮಾನ್ಯತೆ ಪಡೆದ ಸಂಸ್ಥೆಯ ದೂರ ಶಿಕ್ಷಣದ ಪದವಿಯನ್ನು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎನ್ನುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಇದನ್ನೇ ಮತ್ತೊಮ್ಮೆ ಸ್ಪಷ್ಟಪಡಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಒಂದೇ ಕಾಲಕ್ಕೆ ಎರಡು ಕೋರ್ಸು ಓದಲೂ ದಾರಿ ಮಾಡಿಕೊಟ್ಟಿತು. ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರ ಶಿಕ್ಷಣದಲ್ಲಿ ಓದಬಹುದು.

ಎರಡು ಕಡೆಯ ವಾದ

ನಿಯಂತ್ರಕರ ವಾದ ಹೀಗಿದೆ. ರೋಗಿಯ ಎದುರು ಕೂತು ಮಾತನಾಡಿಸುವುದನ್ನು, ಪರೀಕ್ಷೆ ಮಾಡುವುದನ್ನು, ಪ್ರಯೋಗಾಲಯದಲ್ಲಿ ಕೈಯಾರೆ ಕೆಲಸ ಮಾಡುವುದನ್ನು ಅಂಚೆಯಲ್ಲಿ ಬರುವ ಪುಸ್ತಕ ಕಲಿಸಲಾರದು. ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆಯದವರು ‘ಕೌನ್ಸೆಲರ್’ ಎಂದು ಬೋರ್ಡು ಹಾಕಿಕೊಂಡರೆ ತೊಂದರೆ ಆಗುವುದು ಬಂದವರಿಗೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಅದಕ್ಕೆ ತಕ್ಕ ಪೂರ್ಣಾವಧಿ ತರಬೇತಿಯೂ ಮೊದಲೇ ಬೇಕಿತ್ತು. ದೂರ ಶಿಕ್ಷಣದ ಎಂಎ ಒಂದರಿಂದಲೇ ಆ ಬಾಗಿಲು ಯಾವತ್ತೂ ತೆರೆದಿರಲಿಲ್ಲ.

ಎದುರು ವಾದಕ್ಕೂ ತೂಕವಿದೆ. ಮನಶ್ಶಾಸ್ತ್ರ ಓದಿದವರೆಲ್ಲ ಚಿಕಿತ್ಸೆಗೆ ಕೂರುವವರಲ್ಲ. ಮಕ್ಕಳನ್ನು ಅರ್ಥಮಾಡಿಕೊಳ್ಳಲು ಓದುವ ಶಿಕ್ಷಕಿ, ಅಂಗನವಾಡಿ ಮೇಲ್ವಿಚಾರಕಿ, ಸ್ವಯಂಸೇವಾ ಸಂಸ್ಥೆಯಲ್ಲಿ ದುಡಿಯುವವರು ಕೆಲಸ ಬಿಟ್ಟು ಧಾರವಾಡದಲ್ಲಿ ಎರಡು ವರ್ಷ ತರಗತಿಗೆ ಕೂರಲಾರರು. ಅವರ ಪಾಲಿಗೆ ಇದ್ದ ದಾರಿ ಇದೊಂದೇ.

ಕೈಯಾರೆ ತರಬೇತಿ ಬೇಕು ಎಂಬುದು ಸರಿ. ಆದರೆ ಸಂಪರ್ಕ ತರಗತಿ, ಆಸ್ಪತ್ರೆಯ ಅನುಭವ ಕಡ್ಡಾಯ ಮಾಡಿ ಬಿಗಿಗೊಳಿಸುವ ದಾರಿಯೂ ಇತ್ತು. ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆ ಇರುವ ನಮ್ಮ ಭಾಗದಲ್ಲಿ ಅದು ಅಸಾಧ್ಯವಾಗಿರಲಿಲ್ಲ. ಬಾಗಿಲು ಮುಚ್ಚಿದ ಮಾತ್ರಕ್ಕೆ ಕಲಿಯುವ ಆಸೆ ಇಲ್ಲವಾಗುವುದಿಲ್ಲ. ಅದು ಯಾವ ನಿಯಂತ್ರಣವೂ ಇಲ್ಲದ ಖಾಸಗಿ ‘ಕೌನ್ಸೆಲಿಂಗ್ ಡಿಪ್ಲೊಮಾ’ಗಳತ್ತ ಹರಿಯುವ ಸಾಧ್ಯತೆಯೇ ಹೆಚ್ಚು. ಅಲ್ಲಿ ಪಠ್ಯ ಯಾರದು, ಪರೀಕ್ಷೆ ಯಾರದು ಎಂದು ಕೇಳುವವರಿಲ್ಲ.

2015ರಲ್ಲಿ ಬಿದ್ದ ಪೆಟ್ಟು

ದೂರ ಶಿಕ್ಷಣ ಎಂದ ಕೂಡಲೇ ನಮ್ಮ ರಾಜ್ಯದ ಹಿರಿಯರು ಅನುಮಾನ ಪಡುವುದಕ್ಕೆ ಗಟ್ಟಿ ಕಾರಣವಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಹುಟ್ಟಿದ್ದು 1996ರಲ್ಲಿ. 2012-13ರ ಆಚೆಗೆ ಅದಕ್ಕೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರ ಜೂನ್‌ನಲ್ಲಿ ಘೋಷಿಸಿತು. ರಾಜ್ಯದ ಗಡಿಯಾಚೆ ಖಾಸಗಿ ಕೇಂದ್ರಗಳ ಮೂಲಕ ಕೋರ್ಸು ನಡೆಸಿದ್ದು, ಅನುಮತಿ ಇಲ್ಲದ ತಾಂತ್ರಿಕ ಕೋರ್ಸು ಕೊಟ್ಟಿದ್ದು ಮುಖ್ಯ ಆಕ್ಷೇಪಗಳು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಡುವೆ ಪ್ರವೇಶ ಪಡೆದವರಲ್ಲಿ ಎಷ್ಟೋ ಜನ ಯಾವ ತಪ್ಪೂ ಮಾಡದೆ ಸಿಕ್ಕಿಕೊಂಡರು. ಬಿಎ, ಬಿಕಾಂ ಓದಿದ್ದವರಿಗೂ ಅದರ ಬಿಸಿ ತಟ್ಟಿತು.

ಅಲ್ಲಿಂದ ಕಲಿಯಬೇಕಾದದ್ದು ‘ಆ ವಿವಿ ಒಳ್ಳೆಯದು, ಈ ವಿವಿ ಕೆಟ್ಟದ್ದು’ ಎಂಬುದನ್ನಲ್ಲ. ಇಂದು ಮುಕ್ತ ವಿವಿಯ ಮಾನ್ಯ ಕೋರ್ಸುಗಳನ್ನು ನಿಶ್ಚಿಂತೆಯಿಂದ ಓದಬಹುದು. ಧಾರವಾಡದಲ್ಲಿ ಅದರ ಪ್ರಾದೇಶಿಕ ಕೇಂದ್ರವೂ ಇದೆ. ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿ ಬೇರೆ: ಮಾನ್ಯತೆ ಸಿಗುವುದು ನಿರ್ದಿಷ್ಟ ಕೋರ್ಸಿಗೆ, ನಿರ್ದಿಷ್ಟ ವಿಧಾನಕ್ಕೆ, ನಿರ್ದಿಷ್ಟ ವರ್ಷಕ್ಕೆ. ಅದೇ ವಿವಿಯ ಎಂಎ ಕನ್ನಡ ಮಾನ್ಯವಾಗಿದ್ದು, ಇನ್ನೊಂದು ಕೋರ್ಸು ಅದೇ ವರ್ಷ ಪಟ್ಟಿಯಲ್ಲಿ ಇಲ್ಲದಿರಬಹುದು. ಅಣ್ಣ ಹೋದ ವರ್ಷ ಸೇರಿದ ಕೋರ್ಸು ಈ ವರ್ಷ ತಮ್ಮನಿಗೆ ಇಲ್ಲದಿರಬಹುದು. ಇದು ಗೊತ್ತಿಲ್ಲದಿದ್ದರೆ ಕಳೆದುಕೊಳ್ಳುವುದು ಬರೀ ಫೀಸಲ್ಲ, ದುಡಿಮೆಯ ನಡುವೆ ಹೊಂದಿಸಿಕೊಂಡ ಎರಡು ಮೂರು ವರ್ಷ.

ಸರ್ಟಿಫಿಕೇಟು ಎಲ್ಲಿ ತೋರಿಸಬೇಕು

ವಯಸ್ಕರು ಸಾಮಾನ್ಯವಾಗಿ ‘ಯಾವ ಕೋರ್ಸು ಇದೆ?’ ಎಂದು ಕೇಳುತ್ತ ಹೊರಡುತ್ತಾರೆ. ಮೊದಲು ಕೇಳಿಕೊಳ್ಳಬೇಕಾದದ್ದು ಈ ಸರ್ಟಿಫಿಕೇಟನ್ನು ನಾಳೆ ಯಾರ ಮುಂದೆ ಇಡಬೇಕು ಎಂಬುದನ್ನು.

ಸರ್ಕಾರಿ ನೌಕರಿಯ ಅರ್ಜಿಗೆ ‘ಯಾವುದಾದರೂ ಪದವಿ’ ಬೇಕಿದ್ದರೆ ಮಾನ್ಯ ದೂರ ಶಿಕ್ಷಣದ ಬಿಎ, ಬಿಕಾಂ ಸಾಕು. ಶಿಕ್ಷಕರಾಗಬೇಕೆಂದು ಬಿ.ಇಡಿ ಹುಡುಕುವವರಿಗೆ ಎಚ್ಚರ ಬೇಕು. ದೂರ ಶಿಕ್ಷಣದ ಬಿ.ಇಡಿ ಇರುವುದು ಈಗಾಗಲೇ ಪಾಠ ಮಾಡುತ್ತಿರುವ ತರಬೇತಾದ ಪ್ರಾಥಮಿಕ ಶಿಕ್ಷಕರಿಗೆ ಅಥವಾ ನೇರ ತರಗತಿಯಲ್ಲಿ ಶಿಕ್ಷಕ ತರಬೇತಿ ಮುಗಿಸಿದವರಿಗೆ. ಬರೀ ಬಿಎ ಮಾಡಿದ ಗೃಹಿಣಿಗೆ ಅದು ಸಿಗುವುದಿಲ್ಲ. ‘ಮಾಡಿಸಿಕೊಡುತ್ತೇವೆ’ ಎನ್ನುವವರು ಸಿಕ್ಕರೆ ಅಲ್ಲಿ ಸುಳ್ಳು ಅನುಭವ ಪತ್ರದ ವ್ಯವಹಾರ ನಡೆಯುತ್ತದೆ, ಮುಂದೆ ನೇಮಕಾತಿಯ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಅಭ್ಯರ್ಥಿಯೇ.

ಕಾನೂನಿನ ಕಡೆ ಹೋಗುವವರಿಗೆ ಇನ್ನೊಂದು ಮಾತು. ರಾಜ್ಯ ಕಾನೂನು ವಿಶ್ವವಿದ್ಯಾಲಯ ಇರುವುದೇ ಹುಬ್ಬಳ್ಳಿಯ ನವನಗರದಲ್ಲಿ. ಹಾಗಾಗಿ ಕೆಲಸದ ಜೊತೆ ಎಲ್‌ಎಲ್‌ಬಿ ಮಾಡುವ ಆಸೆ ಈ ಭಾಗದಲ್ಲಿ ಸಹಜ. ಆದರೆ ಎಲ್‌ಎಲ್‌ಬಿಗೆ ದೂರ ಶಿಕ್ಷಣ ಇಲ್ಲ. ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ನಡೆಯಬೇಕು, ಹಾಜರಾತಿಯೂ ಬೇಕು. ಅದೇ ನಿಯಮಾವಳಿಯಲ್ಲಿ ಹಲವರಿಗೆ ತಡವಾಗಿ ಗೊತ್ತಾಗುವ ಒಂದು ಷರತ್ತಿದೆ: ಪಿಯುಸಿಯಂಥ ಮೂಲ ಅರ್ಹತೆ ಇಲ್ಲದೆ ಮುಕ್ತ ವಿವಿಯಲ್ಲಿ ನೇರವಾಗಿ ಪಡೆದ ಪದವಿಯ ಮೇಲೆ ಕಾನೂನು ಕೋರ್ಸಿಗೆ ಪ್ರವೇಶವಿಲ್ಲ. ಪಿಯುಸಿ ಮುಗಿಸಿ ದೂರ ಶಿಕ್ಷಣದಲ್ಲಿ ಬಿಎ ಮಾಡಿದವರಿಗೆ ಈ ತೊಡಕಿಲ್ಲ.

ಆದ್ದರಿಂದ ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವರು ಪಿಯುಸಿಯನ್ನು ಹಾರಿ ಡಿಗ್ರಿಗೆ ಹೋಗುವ ಅಡ್ಡದಾರಿ ಹುಡುಕಬಾರದು. ರಾಜ್ಯ ಪರೀಕ್ಷಾ ಮಂಡಳಿಯ ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಬರೆಯಬಹುದು. ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ ಹೈಯರ್ ಸೆಕೆಂಡರಿ ಮಾಡಬಹುದು. ಎನ್‌ಐಒಎಸ್‌ನ ಅನುಕೂಲವೆಂದರೆ ಬಿಡುವು. ಐದು ವರ್ಷದ ಅವಧಿಯಲ್ಲಿ ಒಂಬತ್ತು ಸಲ ಪರೀಕ್ಷೆಗೆ ಅವಕಾಶ, ಒಂದು ಸಲಕ್ಕೆ ಒಂದೇ ವಿಷಯ ಬರೆದರೂ ನಡೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಮಾತ್ರ ತಾವು ಆರಿಸುವ ಪ್ರತಿ ವಿಷಯದ ಪುಸ್ತಕ ಯಾವ ಭಾಷೆಯಲ್ಲಿದೆ ಎಂದು ನೋಡಿಯೇ ಫೀ ಕಟ್ಟಬೇಕು. ಇಪ್ಪತ್ತು ವರ್ಷ ಇಂಗ್ಲಿಷ್ ಪುಸ್ತಕ ಮುಟ್ಟದವರಿಗೆ ಇಂಗ್ಲಿಷಿನಲ್ಲಿ ಅರ್ಥಶಾಸ್ತ್ರ ಓದುವುದು ವಿಷಯಕ್ಕಿಂತ ಭಾಷೆಯ ಹೋರಾಟವಾಗಿಬಿಡುತ್ತದೆ. ಓದು ಅರ್ಧಕ್ಕೆ ಬಿಡಲು ಇದೂ ಒಂದು ದೊಡ್ಡ ಕಾರಣ.

ಸಂಜೆ ತರಗತಿ ಮತ್ತು ಪಾರ್ಟ್ ಟೈಮ್

ನಮ್ಮ ಕಡೆ ಸಂಜೆ ಕಾಲೇಜಿನ ಆಯ್ಕೆ ಬೆಂಗಳೂರಿನಷ್ಟಿಲ್ಲ. ಡಿಪ್ಲೊಮಾ, ಬಿಇ ಓದಲು ಬಯಸುವ ಕಾರ್ಖಾನೆ ನೌಕರರಿಗೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತು, ಅಂದರೆ ಎಐಸಿಟಿಇ 2023ರಿಂದ ‘ದುಡಿಯುವವರಿಗಾಗಿ’ ಎಂಬ ಪ್ರತ್ಯೇಕ ವ್ಯವಸ್ಥೆಗೆ ಅನುಮತಿ ಕೊಡುತ್ತಿದೆ. ಕನಿಷ್ಠ ಒಂದು ವರ್ಷದ ಕೆಲಸದ ಅನುಭವ ಬೇಕು, ಕೆಲಸದ ಜಾಗ ಕಾಲೇಜಿಗೆ ಹತ್ತಿರದಲ್ಲಿರಬೇಕು, ತರಗತಿ ಸಮಯವನ್ನು ಕಾಲೇಜು ನೌಕರರಿಗೆ ಹೊಂದುವಂತೆ ಇಡಬಹುದು. ಎಲ್ಲ ಕಾಲೇಜಿಗೂ ಈ ಅನುಮತಿ ಇರುವುದಿಲ್ಲ. ವಿಚಾರಿಸುವಾಗ ‘ಈವ್ನಿಂಗ್ ಬ್ಯಾಚ್ ಇದೆಯೇ’ ಎಂದಷ್ಟೇ ಕೇಳಿದರೆ ಸಾಲದು, ಈ ವರ್ಷದ ಎಐಸಿಟಿಇ ಅನುಮತಿ ಪತ್ರ ತೋರಿಸಲು ಕೇಳಬೇಕು.

ಪಿಎಚ್‌ಡಿಯಲ್ಲಿ ಪಾರ್ಟ್ ಟೈಮ್‌ಗೂ ಆನ್‌ಲೈನ್‌ಗೂ ಇರುವ ವ್ಯತ್ಯಾಸ ಬಹಳ ಜನರಿಗೆ ತಿಳಿದಿಲ್ಲ. ಯುಜಿಸಿಯ 2022ರ ನಿಯಮಾವಳಿ ಪಾರ್ಟ್ ಟೈಮ್ ಪಿಎಚ್‌ಡಿಗೆ ಅವಕಾಶ ಕೊಡುತ್ತದೆ. ಕೆಲಸ ಮಾಡುವ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಓದಲು ಸಮಯ ಕೊಡುತ್ತೇವೆ, ಕೋರ್ಸ್‌ವರ್ಕ್‌ಗೆ ಅಗತ್ಯ ಬಿದ್ದರೆ ಬಿಡುಗಡೆ ಮಾಡುತ್ತೇವೆ ಎಂದು ಅದರಲ್ಲಿ ಬರೆದಿರಬೇಕು. ಆನ್‌ಲೈನ್ ಪಿಎಚ್‌ಡಿಗೆ ಮಾತ್ರ ಮಾನ್ಯತೆಯೇ ಇಲ್ಲ.

ಪಟ್ಟಿ ನೋಡುವ ಬಗೆ

ಯುಜಿಸಿಯ ದೂರ ಶಿಕ್ಷಣ ಬ್ಯೂರೊ, ಅಂದರೆ ಡಿಇಬಿಯ ಜಾಲತಾಣದಲ್ಲಿ ಮಾನ್ಯ ಸಂಸ್ಥೆಗಳ ಪಟ್ಟಿ ಇರುತ್ತದೆ. ಅಲ್ಲಿ ವಿವಿಯ ಹೆಸರು ಕಂಡ ತಕ್ಷಣ ಸಮಾಧಾನಪಟ್ಟು ಪುಟ ಮುಚ್ಚಬೇಡಿ. ಹೆಸರಿನ ಒಳಗೆ ಹೋಗಿ ನಾಲ್ಕು ಸಂಗತಿ ನೋಡಬೇಕು. ನಿಮ್ಮ ಕೋರ್ಸಿನ ಪೂರ್ತಿ ಹೆಸರು ಅಕ್ಷರಶಃ ಇದೆಯೇ? ವಿಧಾನ ದೂರ ಶಿಕ್ಷಣವೋ ಆನ್‌ಲೈನೋ? ವರ್ಷ ಯಾವುದು? ಆ ವರ್ಷದಲ್ಲಿ ಜುಲೈ ಅವಧಿಯೋ ಜನವರಿ ಅವಧಿಯೋ? ಬ್ರೋಷರಿನಲ್ಲಿ ‘ಎಂಬಿಎ ಹಾಸ್ಪಿಟಲ್ ಮ್ಯಾನೇಜ್‌ಮೆಂಟ್’ ಎಂದಿದ್ದು ಪಟ್ಟಿಯಲ್ಲಿ ಬರೀ ‘ಎಂಬಿಎ’ ಇದ್ದರೆ ಅದನ್ನು ವಿವಿಗೆ ಬರೆದು ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಪ್ರವೇಶ ಪಡೆಯುವ ದಿನ ಆ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಐದು ವರ್ಷದ ನಂತರ ನೇಮಕಾತಿ ಅಧಿಕಾರಿ ಕೇಳಿದರೆ ಆ ಒಂದು ಹಾಳೆ ನಿಮ್ಮ ಪರವಾಗಿ ನಿಲ್ಲುತ್ತದೆ.

ದೂರ ಶಿಕ್ಷಣಕ್ಕೂ ಆನ್‌ಲೈನಿಗೂ ನಡುವೆ ಗಡಿಯ ಪ್ರಶ್ನೆಯೂ ಇದೆ. ರಾಜ್ಯ ವಿವಿಗಳು ದೂರ ಶಿಕ್ಷಣವನ್ನು ತಮ್ಮ ವ್ಯಾಪ್ತಿಯ ಆಚೆ ನಡೆಸುವಂತಿಲ್ಲ. ಆನ್‌ಲೈನಿಗೆ ಆ ಗಡಿ ಇಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ, ಅಂದರೆ ಇಗ್ನೋ 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ್ದರಿಂದ ದೇಶವೆಲ್ಲ ಅದರ ವ್ಯಾಪ್ತಿ, ಕರ್ನಾಟಕದಲ್ಲಿ ಬೆಂಗಳೂರು ಮತ್ತು ವಿಜಯಪುರದಲ್ಲಿ ಅದರ ಪ್ರಾದೇಶಿಕ ಕೇಂದ್ರಗಳಿವೆ. ಹಾಗಾಗಿ ಉತ್ತರದ ಯಾವುದೋ ರಾಜ್ಯದ ವಿವಿಯ ದೂರ ಶಿಕ್ಷಣದ ಡಿಗ್ರಿಯನ್ನು ಹುಬ್ಬಳ್ಳಿಯ ಟ್ಯುಟೋರಿಯಲ್ಲಿನ ಮಹಡಿಯಲ್ಲೇ ಪರೀಕ್ಷೆ ಬರೆಸಿ ಕೊಡಿಸುತ್ತೇವೆ ಎಂದರೆ ಅಲ್ಲೇ ನಿಲ್ಲಬೇಕು. ಕಲಿಕಾ ಕೇಂದ್ರಗಳನ್ನು ಫ್ರಾಂಚೈಸಿಗೆ ಕೊಡಲು ಯುಜಿಸಿ ಒಪ್ಪುವುದಿಲ್ಲ. ಆನ್‌ಲೈನ್ ಪಾಠ ಮಾರುವ ಎಡ್‌ಟೆಕ್ ಕಂಪನಿಗಳ ಮೂಲಕ ನಡೆಯುವ ಇಂಥ ವ್ಯವಹಾರದ ವಿರುದ್ಧ ಯುಜಿಸಿ, ಎಐಸಿಟಿಇ ಎರಡೂ 2022ರ ಜನವರಿಯಲ್ಲೇ ಎಚ್ಚರಿಸಿವೆ. ಗೋಕಾಕದ ವಿಳಾಸವಿದ್ದ ಒಂದು ಸಂಸ್ಥೆಯ ಹೆಸರು ವರ್ಷಗಟ್ಟಲೆ ಯುಜಿಸಿಯ ನಕಲಿ ವಿವಿಗಳ ಪಟ್ಟಿಯಲ್ಲಿತ್ತು. ಮೋಸ ದೂರದ ದೆಹಲಿಯಲ್ಲೇ ಆಗುತ್ತದೆ ಎಂದುಕೊಳ್ಳಬೇಕಾಗಿಲ್ಲ.

‘ಮೂರು ವರ್ಷದ ಡಿಗ್ರಿ ಒಂದೇ ವರ್ಷದಲ್ಲಿ’ ಎಂಬ ಜಾಹೀರಾತಿಗೂ ಇದೇ ಉತ್ತರ. ಯುಜಿಸಿ ಇತ್ತೀಚೆಗೆ ಅವಕಾಶ ಕೊಟ್ಟ ‘ವೇಗದ ಪದವಿ’ಯಲ್ಲಿ ಮೂರು ವರ್ಷದ ಕೋರ್ಸಿಗೆ ಕಡಿಮೆಯಾಗುವುದು ಒಂದು ಸೆಮಿಸ್ಟರ್ ಮಾತ್ರ.

ಹೆಸರು ತಾಳೆಯಾಗದಿದ್ದರೆ

2024ರ ಸೆಪ್ಟೆಂಬರ್‌ನಿಂದ ದೂರ ಶಿಕ್ಷಣ ಅಥವಾ ಆನ್‌ಲೈನ್ ಕೋರ್ಸಿಗೆ ಸೇರುವವರಿಗೆ ಡಿಇಬಿ ಐಡಿ, ಅಂದರೆ ಡಿಇಬಿಯ ಜಾಲತಾಣದಲ್ಲಿ ಪಡೆಯುವ ಗುರುತಿನ ಸಂಖ್ಯೆ ಕಡ್ಡಾಯ. ಅದಕ್ಕೂ ಮೊದಲು ಎಬಿಸಿ ಐಡಿ, ಅಂದರೆ ಓದಿನ ಕ್ರೆಡಿಟ್‌ಗಳು ಜಮೆಯಾಗುವ ಖಾತೆಯ ಸಂಖ್ಯೆ ಬೇಕು. ಅದನ್ನು ಆಧಾರ್ ಬಳಸಿ ಡಿಜಿಲಾಕರ್‌ನಲ್ಲಿ ಮಾಡಿಕೊಳ್ಳಬೇಕು. ಈ ಸರಪಳಿಯಲ್ಲಿ ಹಿರಿಯ ವಿದ್ಯಾರ್ಥಿಗಳು ಹೆಚ್ಚಾಗಿ ಸಿಕ್ಕಿಕೊಳ್ಳುತ್ತಾರೆ, ಅದಕ್ಕೆ ಕಾರಣ ಅವರ ಕಾಗದಪತ್ರಗಳ ವಯಸ್ಸು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಆಧಾರ್‌ನಲ್ಲಿ ಹೆಸರು ಮತ್ತು ಒಂದಕ್ಷರದ ಇನಿಷಿಯಲ್ ಇರುತ್ತದೆ. ಮದುವೆಯಾದವರ ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು ಸೇರಿರುತ್ತದೆ. ಒಂದರಲ್ಲಿ ‘ಶಿವಲೀಲಾ’, ಇನ್ನೊಂದರಲ್ಲಿ ‘ಶಿವಲೀಲಾವತಿ’. ಐಡಿ ಆಧಾರ್‌ನ ಹೆಸರಲ್ಲಿ ಆಗುತ್ತದೆ, ವಿವಿ ಪ್ರವೇಶ ಕೊಡುವುದು ಅಂಕಪಟ್ಟಿಯ ಹೆಸರಲ್ಲಿ. ಎರಡೂ ತಾಳೆಯಾಗದೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಪ್ರವೇಶ ಆರಂಭವಾದ ಮೇಲೆ ಓಡಾಡಿದರೆ ಕೊನೆಯ ದಿನಾಂಕ ದಾಟಿಹೋಗುತ್ತದೆ. ಎರಡು ಮೂರು ತಿಂಗಳು ಮುಂಚೆಯೇ ಆಧಾರ್ ಕೇಂದ್ರಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಯ್ದು ಹೆಸರು ಸರಿಪಡಿಸಿಕೊಳ್ಳುವುದೇ ಒಳ್ಳೆಯದು. ಮೊಬೈಲ್ ಸಂಖ್ಯೆಯೂ ಅಷ್ಟೇ ಮುಖ್ಯ. ಆಧಾರ್‌ಗೆ ಜೋಡಿಸಿದ ಹಳೆಯ ಸಿಮ್ ಬಂದ್ ಆಗಿದ್ದರೆ ಒಟಿಪಿ ಬರುವುದೇ ಇಲ್ಲ, ಮೊದಲ ಮೆಟ್ಟಿಲಲ್ಲೇ ಕೆಲಸ ಕೆಡುತ್ತದೆ. ಐಡಿ ಮಾಡುವಾಗ ಸೈಬರ್ ಸೆಂಟರಿನವರ ಇ-ಮೇಲ್, ಅವರ ಮೊಬೈಲ್ ಸಂಖ್ಯೆ ಹಾಕಿಸಬೇಡಿ. ಪರೀಕ್ಷೆಯ ಸೂಚನೆ, ಹಾಲ್ ಟಿಕೆಟ್ ಎಲ್ಲ ಅಲ್ಲಿಗೇ ಹೋಗುತ್ತವೆ.

ಹಳೆಯ ಡಿಗ್ರಿಯ ಮೇಲೆ ಎಂಎಗೆ ಹೋಗುವವರು ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಇವೆಯೇ ಎಂದು ಮೊದಲೇ ಎಣಿಸಿ ನೋಡಬೇಕು. ಬೇರೆ ವಿವಿಗೆ ಹೋಗುವಾಗ ಮೈಗ್ರೇಷನ್ ಸರ್ಟಿಫಿಕೇಟು ಕೇಳಬಹುದು. ಕಳೆದುಹೋದ ಅಂಕಪಟ್ಟಿಯ ನಕಲು ತರಿಸಲು ಪೊಲೀಸ್ ದೂರು, ಅಫಿಡವಿಟ್, ಅರ್ಜಿ ಎಂದು ವಾರಗಳೇ ಹಿಡಿಯುತ್ತವೆ.

ವಾರಕ್ಕೆ ಎಷ್ಟು ಗಂಟೆ

‘ಮನೆಯಲ್ಲೇ ಓದುವುದಲ್ಲವೇ, ಸುಲಭ’ ಎಂದುಕೊಂಡು ಸೇರಿದವರೇ ಹೆಚ್ಚಾಗಿ ಅರ್ಧಕ್ಕೆ ಬಿಡುತ್ತಾರೆ. ದೂರ ಶಿಕ್ಷಣದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ನಾಲ್ಕು ಕ್ರೆಡಿಟ್‌ನ ಒಂದು ಪತ್ರಿಕೆಗೆ 120 ಗಂಟೆ. ಆರು ತಿಂಗಳಿಗೆ 20 ಕ್ರೆಡಿಟ್ ಹೊತ್ತರೆ 600 ಗಂಟೆ, ಅಂದರೆ ವಾರಕ್ಕೆ ಸುಮಾರು 23 ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ರಾತ್ರಿ ಎಂಟಕ್ಕೆ ಮನೆ ಸೇರುವವರಿಗೆ ಇದು ಆಗದ ಮಾತು. ದಿನಕ್ಕೆ ಒಂದೂವರೆ ಗಂಟೆ, ಭಾನುವಾರ ನಾಲ್ಕು ಗಂಟೆ ಎಂದು ಹಿಡಿದರೆ ವಾರಕ್ಕೆ 13 ಗಂಟೆ ಸಿಗುತ್ತದೆ. ಇದರಲ್ಲಿ 10-12 ಕ್ರೆಡಿಟ್ ಚೆನ್ನಾಗಿ ಓದಬಹುದು.

ಹಾಗಾದರೆ ಎರಡು ವರ್ಷದ ಎಂಎಗೆ ಮೂರೂವರೆ, ನಾಲ್ಕು ವರ್ಷ ಬೇಕಾಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ನಿಯಮವೇ ಅದಕ್ಕೆ ಅವಕಾಶ ಕೊಟ್ಟಿದೆ. ಇಗ್ನೋದಲ್ಲಿ ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನು ನಾಲ್ಕು ವರ್ಷದೊಳಗೆ, ಮೂರು ವರ್ಷದ ಪದವಿಯನ್ನು ಆರು ವರ್ಷದೊಳಗೆ ಮುಗಿಸಬಹುದು. ಆದರೆ ಎರಡನೇ ವರ್ಷದ ಮರುನೋಂದಣಿಯನ್ನು ಮೊದಲ ವರ್ಷದ ಪರೀಕ್ಷೆ ಬರೆದಿರಲಿ ಬಿಡಲಿ ಸಮಯಕ್ಕೆ ಸರಿಯಾಗಿ ಮಾಡಿಸಬೇಕು. ಅದನ್ನು ಮರೆತವರಿಗೆ ಆರು ತಿಂಗಳೋ ಒಂದು ವರ್ಷವೋ ಸುಮ್ಮನೆ ಹೋಗುತ್ತದೆ.

ಪರೀಕ್ಷೆಯ ತಿಂಗಳನ್ನೂ ಬದುಕಿನ ಜೊತೆ ಹೊಂದಿಸಿ ನೋಡಬೇಕು. ಇಗ್ನೋ ಪರೀಕ್ಷೆ ನಡೆಯುವುದು ಜೂನ್ ಮತ್ತು ಡಿಸೆಂಬರ್‌ನಲ್ಲಿ. ಶಿರಹಟ್ಟಿ, ಹಾನಗಲ್ಲ ಕಡೆಯ ರೈತರಿಗೆ ಜೂನ್ ಎಂದರೆ ಮುಂಗಾರು ಬಿತ್ತನೆ. ಅವರು ಜೂನ್‌ನಲ್ಲಿ ಒಂದೆರಡೇ ಪತ್ರಿಕೆ ಇಟ್ಟುಕೊಂಡು ಉಳಿದವನ್ನು ಡಿಸೆಂಬರ್‌ಗೆ ಬಿಟ್ಟರೆ ಓದೂ ಉಳಿಯುತ್ತದೆ, ಹದವೂ ತಪ್ಪುವುದಿಲ್ಲ. ಪರೀಕ್ಷಾ ಅರ್ಜಿ ಮತ್ತು ಶುಲ್ಕ ಪ್ರವೇಶ ಶುಲ್ಕದಿಂದ ಬೇರೆ, ಪ್ರತಿ ಸಲ ತಾವೇ ತುಂಬಬೇಕು.

ಅಸೈನ್‌ಮೆಂಟ್ ಎಂಬ ಮೂವತ್ತು ಅಂಕ

ಇಗ್ನೋದ ಬಹುತೇಕ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ ಶೇಕಡ 30, ಅಂತಿಮ ಪರೀಕ್ಷೆಗೆ ಶೇಕಡ 70. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು. ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದರೂ ಅಸೈನ್‌ಮೆಂಟ್ ಕೊಡದಿದ್ದರೆ ಫಲಿತಾಂಶ ಪೂರ್ತಿಯಾಗುವುದಿಲ್ಲ.

ಎ4 ಹಾಳೆಯಲ್ಲಿ ಕೈಬರಹದಲ್ಲೇ ಬರೆಯಬೇಕು. ಮೊದಲ ಪುಟದಲ್ಲಿ ಹೆಸರು, ಎನ್‌ರೋಲ್‌ಮೆಂಟ್ ಸಂಖ್ಯೆ, ಪತ್ರಿಕೆಯ ಕೋಡ್, ಅಧ್ಯಯನ ಕೇಂದ್ರದ ಕೋಡ್ ಇರಬೇಕು. ಜನ ಎಡವುವುದು ಪ್ರಶ್ನೆಪತ್ರಿಕೆಯಲ್ಲಿ. ಅಸೈನ್‌ಮೆಂಟ್ ಪ್ರಶ್ನೆಗಳು ಅವಧಿಯಿಂದ ಅವಧಿಗೆ ಬದಲಾಗುತ್ತವೆ. ಗೆಳೆಯರಿಂದ ತಂದ ಹೋದ ವರ್ಷದ ಪ್ರಶ್ನೆಗೆ ಉತ್ತರ ಬರೆದು ಕೊಟ್ಟರೆ ಅದನ್ನು ತಿದ್ದುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಿದ್ಧ ಉತ್ತರವನ್ನು ನಕಲು ಮಾಡಿದರೆ ಹತ್ತು ಜನರ ಹಾಳೆ ಒಂದೇ ರೀತಿ ಕಾಣುತ್ತದೆ, ಅಂಕವೂ ಹಾಗೇ ಬರುತ್ತದೆ. ಕೊಡುವ ಮೊದಲು ಪ್ರತಿ ಪುಟದ ಫೋಟೊ ತೆಗೆದಿಡಿ, ಕೊಟ್ಟಿದ್ದಕ್ಕೆ ರಸೀದಿ ಪಡೆಯಿರಿ. ಅಂಕ ಜಾಲತಾಣದಲ್ಲಿ ಏರದಿದ್ದಾಗ ಆ ರಸೀದಿಯೊಂದೇ ಸಾಕ್ಷಿ.

ಹಣದ ವಿಷಯ ಚಿಕ್ಕದು: ಫೀ ವಿವಿಯ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿಗೆ ಚಲನ್ ಬರುವಂತೆ ಕಟ್ಟಿ. ಕೇಂದ್ರದವರ ಫೋನ್‌ಪೇಗೆ ಹಾಕಿದ ಹಣಕ್ಕೆ ವಿವಿ ಹೊಣೆಯಲ್ಲ. ಆನ್‌ಲೈನ್ ಎಂಬಿಎ ಮಾರುವ ಟೆಲಿಕಾಲರ್ ‘ತಿಂಗಳ ಕಂತು’ ಎಂದರೆ ಅದು ಹೆಚ್ಚಾಗಿ ನಿಮ್ಮ ಹೆಸರಲ್ಲಿ ತೆಗೆಯುವ ಸಾಲ, ಓದು ಬಿಟ್ಟರೂ ಕಂತು ನಿಲ್ಲುವುದಿಲ್ಲ.

ಡಿಗ್ರಿಯೇ ಬೇಕೆಂದಿಲ್ಲದವರಿಗೆ

ಹಲವರಿಗೆ ಬೇಕಿರುವುದು ಪದವಿಯಲ್ಲ, ಮಾಡುತ್ತಿರುವ ಕೆಲಸಕ್ಕೆ ಬೇಕಾದ ತಿಳಿವಳಿಕೆ. ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ ಇಟ್ಟವರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ರೂಪಿಸಿದ ‘ದೇಸಿ’ ಡಿಪ್ಲೊಮಾ ಇದೆ. 48 ವಾರ, ವಾರಕ್ಕೊಂದು ದಿನ, ಅದೂ ಭಾನುವಾರ ಅಥವಾ ಸ್ಥಳೀಯ ಮಾರುಕಟ್ಟೆಯ ರಜೆಯ ದಿನ. ತರಗತಿಯ ಜೊತೆಗೆ ಹೊಲದ ಭೇಟಿಗಳೂ ಇರುತ್ತವೆ. ಪರವಾನಗಿಗೆ ಕೃಷಿ ಸಂಬಂಧಿ ವಿದ್ಯಾರ್ಹತೆ ಕೇಳುವ ನಿಯಮ ಬಂದ ಮೇಲೆ ಹಾವೇರಿ, ರಾಣೆಬೆನ್ನೂರಿನಂಥ ಬೀಜ ವ್ಯಾಪಾರದ ಊರುಗಳಿಗೆ ಇದರ ಬೆಲೆ ಹೆಚ್ಚಾಗಿದೆ. ವಿಚಾರಿಸಬೇಕಾದದ್ದು ಜಿಲ್ಲೆಯ ಕೃಷಿ ಇಲಾಖೆಯಲ್ಲಿ. ಸ್ವಂತ ಉದ್ಯೋಗ ಬಯಸುವವರಿಗೆ ಧಾರವಾಡದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ಅಲ್ಪಾವಧಿ ತರಬೇತಿ ಸಿಗುತ್ತದೆ. ಒಂದೇ ವಿಷಯ ಕಲಿಯಬೇಕಿದ್ದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ಪೋರ್ಟಲ್‌ನಲ್ಲಿ ಉಚಿತವಾಗಿ ಸೇರಬಹುದು, ಸರ್ಟಿಫಿಕೇಟು ಬೇಕಾದರೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು.

ಮುಂದೆ ಆಗಬಹುದಾದದ್ದು

ನಿಯಮಗಳು ಬಿಗಿಯಾಗುತ್ತ ಹೋದಂತೆ ನಕಲಿ ಕೇಂದ್ರಗಳಿಗೆ ಜಾಗ ಕಡಿಮೆಯಾಗುತ್ತದೆ. ಡಿಇಬಿ ಐಡಿ ಬಂದ ಮೇಲೆ ಹಿಂದಿನ ದಿನಾಂಕ ಹಾಕಿ ಪ್ರವೇಶ ತೋರಿಸುವ ಹಳೆಯ ದಂಧೆ ಕಷ್ಟವಾಗಿದೆ. ಇದು ಒಳ್ಳೆಯದೇ. ಆದರೆ ಅದೇ ಬಿಗಿ, ಕಾಗದ ಸರಿಯಿಲ್ಲದ ಬಡವರನ್ನೂ ಮೊಬೈಲ್ ಬಳಕೆ ಬಾರದವರನ್ನೂ ಹೊರಗೆ ನಿಲ್ಲಿಸುತ್ತಿದೆ. ಅವರ ಜೊತೆ ಕೂತು ಐಡಿ ಮಾಡಿಸಿಕೊಡುವ, ಅಸೈನ್‌ಮೆಂಟ್ ಬರೆಯುವ ರೀತಿ ಹೇಳಿಕೊಡುವ ಕೇಂದ್ರ ಹತ್ತಿರದಲ್ಲಿರಬೇಕು. ಹಾವೇರಿಯಿಂದ ಧಾರವಾಡಕ್ಕೆ 90 ಕಿಲೋಮೀಟರ್ ಮೇಲಾಗುತ್ತದೆ. ಸಂಪರ್ಕ ತರಗತಿಗೆ ಹೋಗಿಬರಲು ಒಂದಿಡೀ ದಿನದ ಕೂಲಿ ಹೋಗುತ್ತದೆ, ಮನೆಯಲ್ಲಿ ಚಿಕ್ಕ ಮಕ್ಕಳಿರುವ ತಾಯಿಗೆ ಹೋಗುವುದೇ ಆಗುವುದಿಲ್ಲ.

ಕಲಿಕಾ ಕೇಂದ್ರ ನಡೆಸಲು ಮಾನ್ಯತೆ ಪಡೆದ ಕಾಲೇಜು ಬೇಕು, ಅಂಥ ಸರ್ಕಾರಿ ಪದವಿ ಕಾಲೇಜುಗಳು ತಾಲ್ಲೂಕು ಊರುಗಳಲ್ಲೂ ಇವೆ, ಭಾನುವಾರ ಅವುಗಳ ಕೋಣೆಗಳು ಖಾಲಿ ಇರುತ್ತವೆ. ಮಾರುಕಟ್ಟೆಯ ರಜೆಗೆ ಹೊಂದಿಸಿ ತರಗತಿ ನಡೆಸಬಹುದೆಂದು ‘ದೇಸಿ’ ಡಿಪ್ಲೊಮಾ ಈಗಾಗಲೇ ತೋರಿಸಿದೆ. ಮುಂಡರಗಿಯಲ್ಲೋ ಹಿರೇಕೆರೂರಿನಲ್ಲೋ ಓದಲು ಮನಸ್ಸಿರುವ ಇಪ್ಪತ್ತು ಮೂವತ್ತು ಜನ ತಮ್ಮ ಹೆಸರು, ಬೇಕಾದ ಕೋರ್ಸು, ಬಿಡುವಿನ ದಿನ ಬರೆದು ಸಹಿ ಮಾಡಿ ಸ್ಥಳೀಯ ಕಾಲೇಜಿನ ಪ್ರಾಂಶುಪಾಲರಿಗೂ ಮುಕ್ತ ವಿವಿಯ ಧಾರವಾಡ ಕೇಂದ್ರಕ್ಕೂ ಕೊಡಲಿ. ಕೇಂದ್ರ ತೆರೆಯಲು ಬೇಡಿಕೆ ಇದೆ ಎನ್ನುವುದಕ್ಕೆ ಅಧಿಕಾರಿಗಳಿಗೆ ಬೇಕಾದ ಮೊದಲ ಕಾಗದ ಅದೇ.